ಅಧ್ಯಕ್ಷರಿಗೆ ಬಿದ್ದ ಚಪ್ಪಾಳೆ

ಪೇಟೆಯ ಕ್ಲಬ್ಬಿನ ಅಧ್ಯಕ್ಷ ಸಿದ್ಧವೀರಯ್ಯನವರಿಗೆ ಸನ್ಮಾನವಾಯಿತು. ಅದರ ವಿಡಿಯೊ ಕ್ಲಬ್ಬಿನ ಟಿವಿಯಲ್ಲಿ ದಿನವಿಡೀ ಓಡಬೇಕೆಂದು ಅವರ ಅಪ್ಪಣೆಯೂ ಆಯಿತು. ಆ ಟಿವಿಗೋ, ತಂತಿ ಸಿಕ್ಕಿಸಲು ಇದ್ದದ್ದು ಒಂದೇ ಕಿಂಡಿ.

"ನನ್ನ ವಿಡಿಯೊ ತೆಗೆದೆಯೋ, ನಿನ್ನನ್ನೇ ಕೆಲಸದಿಂದ ತೆಗೀತೀನಿ," ಎಂದರು ಜವಾನ ದ್ಯಾವಣ್ಣನಿಗೆ.

ಇತ್ತ ಸದಸ್ಯರು, "ಇವತ್ತು ಕ್ರಿಕೆಟ್ ಫೈನಲ್ಲು. ಮ್ಯಾಚ್ ಹಾಕ್ತೀಯೋ ಇಲ್ವೋ?" ಎಂದು ಪಟ್ಟು ಹಿಡಿದರು.

ದ್ಯಾವಣ್ಣ ಗಾಬರಿಯಾಗಲಿಲ್ಲ. ಅಂಗಡಿಯಿಂದ ಪುಟ್ಟ ಸ್ವಿಚ್ ಡಬ್ಬಿಯೊಂದನ್ನು ತಂದ. ವಿಡಿಯೊ ತಂತಿ, ಕೇಬಲ್ ತಂತಿ ಎರಡನ್ನೂ ಅದಕ್ಕೆ ಸಿಕ್ಕಿಸಿ, ಅದರಿಂದ ಒಂದೇ ತಂತಿಯನ್ನು ಟಿವಿಗೆ ಕೊಟ್ಟ. ಗುಂಡಿ ಒತ್ತಿದರೆ ಮ್ಯಾಚು, ಇನ್ನೊಮ್ಮೆ ಒತ್ತಿದರೆ ಸನ್ಮಾನ.

ಸಂಜೆ ಅಧ್ಯಕ್ಷರು ಜಗಲಿ ಹತ್ತುವಾಗ ಯಾರೋ ಸಿಕ್ಸರ್ ಬಾರಿಸಿದರು. ಒಳಗೆ ಚಪ್ಪಾಳೆಯೋ ಚಪ್ಪಾಳೆ! ತಮಗೇ ಎಂದು ಅವರ ಎದೆ ಉಬ್ಬಿತು. ಅವರು ಬಾಗಿಲಿಗೆ ಬರುವಷ್ಟರಲ್ಲಿ ದ್ಯಾವಣ್ಣ ಗುಂಡಿ ಒತ್ತಿದ. ಟಿವಿಯಲ್ಲಿ ಅಧ್ಯಕ್ಷರು ಶಾಲು ಹೊದ್ದು ನಿಂತರು. ಎಲ್ಲರ ಮುಖ ಹುಳ್ಳಗಾಯಿತು.

"ಯಾಕೋ, ನಾನು ಬಂದ ಕೂಡಲೇ ಚಪ್ಪಾಳೆ ನಿಲ್ತು?"

"ತಾವೇ ಎದುರಿಗೆ ಬಂದ್ರೆ ಜನಕ್ಕೆ ಸಂಕೋಚ ಆಗೋದಿಲ್ವೇ ಬುದ್ಧಿ?"

ಅಧ್ಯಕ್ಷರು ತಲೆದೂಗಿದರು. "ಹೌದೌದು. ಪಾಪ, ಅವರ ಸಂತೋಷಕ್ಕೆ ನಾನ್ಯಾಕೆ ಅಡ್ಡಿ? ಕುರ್ಚಿ ಜಗಲಿಗೆ ಹಾಕು."

ಮ್ಯಾಚ್ ಮುಗಿಯುವ ತನಕ ಅವರು ಜಗಲಿಯಲ್ಲೇ ಕೂತು, ಒಳಗಿನ ಒಂದೊಂದು ಚಪ್ಪಾಳೆಗೂ ಕೈಮುಗಿದರು.