ರಾತ್ರಿ ವಿಮಾನಕ್ಕೆ ಜರಿ ಲಂಗ

ಇನ್ನೂರು ಮಕ್ಕಳಿದ್ದ ವಿಮಾನವನ್ನು ಒಬ್ಬನೇ ಓಡಿಸುತ್ತಾ, ಒಂದೇ ಜೋಗುಳಕ್ಕೆ ಅಷ್ಟೂ ಮಕ್ಕಳನ್ನು ಮಲಗಿಸಿದವನು ನಾನು! ಸುಳ್ಳು ಬಿಡಿ. ನಾನು ವಿಮಾನ ನೋಡಿರುವುದು ಈ ಚಹಾ ಅಂಗಡಿಯ ಮುಂದೆ ಬೀದಿಯಲ್ಲಿ ನಿಂತು, ಕತ್ತೆತ್ತಿ. ಆದರೆ ದಾವಣಗೆರೆಯ ಗುರುಬಸಪ್ಪನ ಕಥೆ ಮಾತ್ರ ಅಪ್ಪಟ ನಿಜ. ಅಲ್ಲಲ್ಲಿ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಅಷ್ಟೆ.

ಗುರುಬಸಪ್ಪ ಜವಳಿ ವ್ಯಾಪಾರಿ. ರಜೆಗೆಂದು ಹೆಂಡತಿ ಸುವರ್ಣ, ಐದು ವರ್ಷದ ಮಗಳು ಇಂಚರ, ಇನ್ನೂ ತೊದಲುವ ಮಗ ಚಿರಂತ್ ಎಲ್ಲರನ್ನೂ ಸಿಂಗಾಪುರಕ್ಕೆ ಹೊರಡಿಸಿದ. ರಾತ್ರಿ ವಿಮಾನ. ಇಳಿದ ಬೆಳಗ್ಗೆಯೇ ಮೃಗಾಲಯದಲ್ಲಿ ಜಿರಾಫೆಗೆ ಕೈಯಾರೆ ತಿನ್ನಿಸುವ ಟಿಕೇಟು! ಇಂಚರಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ತಿಂಗಳಿಂದ ಸೀಲಿಂಗ್ ಫ್ಯಾನಿಗೆ ಕ್ಯಾರೆಟ್ ಚಾಚಿ ಅಭ್ಯಾಸ ಮಾಡಿದವಳು ಅವಳು.

"ರೀ, ರಾತ್ರಿಯೆಲ್ಲ ಮಲಗೋ ಮಕ್ಕಳು. ಹಳೇ ಹತ್ತಿ ಅಂಗಿ ಹಾಕ್ತೀನಿ," ಎಂದಳು ಸುವರ್ಣ.

"ಹಳೇ ಅಂಗೀನಾ? ಜವಳಿ ಅಂಗಡಿಯವನ ಮಗಳನ್ನ ಹಂಗೆ ನೋಡಿದ್ರೆ ನಾಲ್ಕು ಜನ ಏನಂತಾರೆ? ಅಂಗಡಿ ಮುಳುಗ್ತು ಅಂತಾರೆ!"

ಪ್ರಯಾಣಕ್ಕೆ ಹೊಸ ಬಟ್ಟೆ ತೊಡುವುದು ಅವರ ಮನೆಯ ಪದ್ಧತಿ. ಗುರುಬಸಪ್ಪ ಮಗಳಿಗೆ ದಪ್ಪ ಜರಿಯ ಲಂಗ, ರವಿಕೆ ತೊಡಿಸಿದ. ಅದೇ ಬಟ್ಟೆಯ ಜುಬ್ಬಾವನ್ನು ತಾನೂ ಬನಿಯನ್ ಮೇಲೆ ಏರಿಸಿದ. ಚಿರಂತನಿಗೆ ಹೊಲಿಸಿದ್ದು ಅವನ ಪುಣ್ಯಕ್ಕೆ ಚಿಕ್ಕದಾಗಿತ್ತು. ಉಳಿದ ಹಳೆಯ ಬಟ್ಟೆಯೆಲ್ಲ ದೊಡ್ಡ ಸೂಟ್‌ಕೇಸಿನೊಳಗೆ ಸೇರಿ, ವಿಮಾನದ ಹೊಟ್ಟೆಗೆ ಹೋಯಿತು.

ವಿಮಾನ ಜುಮ್ಮೆಂದು ಮೇಲೇರಿತು. ಇಂಚರ ಕೇಕೆ ಹಾಕಿದಳು. ದೀಪಗಳು ಆರಿದವು. ಚಿರಂತ್ ಅಮ್ಮನ ಮಡಿಲಲ್ಲಿ ಆಗಲೇ ಗೊರಕೆ. ಇಂಚರ ಮಾತ್ರ ಸೊಂಟ ಕೆರೆದಳು, ಕತ್ತು ಕೆರೆದಳು.

"ಅಪ್ಪಾ, ಚುಚ್ಚುತ್ತೆ."

"ರೇಷ್ಮೆ ಜರಿ ಕಣವ್ವಾ, ಚುಚ್ಚೋದುಂಟಾ? ಕಣ್ಮುಚ್ಚು."

"ಕಣ್ಮುಚ್ಚಿದ್ರೂ ಚುಚ್ಚುತ್ತೆ!"

ಅಳು ಶುರುವಾಯಿತು. ನಾಲ್ಕು ಜನವೇನು, ನಲವತ್ತು ಜನ ತಿರುಗಿ ನೋಡಿದರು. ಮುಂದಿನ ಸೀಟಿನ ಅಜ್ಜಿ, "ಏನಪ್ಪಾ, ಕೂಸು ಮದುವೆಗೆ ಹೊರಟೈತೇನು?" ಎಂದಳು.

"ಹಿಂಗೇ ಬೆಳಗಾದ್ರೆ, ಜಿರಾಫೆ ಮುಂದೆ ಹೋಗಿ ನಿದ್ದೆ ಹೊಡೀತಾಳೆ ನೋಡ್ರಿ," ಎಂದು ಸುವರ್ಣ ಪಿಸುಗುಟ್ಟಿದಳು.

ಇಂಚರಳಿಗೆ ಅದು ಕೇಳಿಸಿತು. ಬಿಕ್ಕುತ್ತಾ, "ಅಪ್ಪಾ, ನಾ ಮಲಗಿಬಿಟ್ರೆ ಅದು ಬೇರೆಯೋರ ಹತ್ರ ತಿಂದುಬಿಡುತ್ತಾ?" ಎಂದಳು.

ಗುರುಬಸಪ್ಪ ಮಗಳ ಕಣ್ಣೊರೆಸಿದ. ಎದ್ದು ಶೌಚಾಲಯಕ್ಕೆ ಹೋದ. ಬರುವಾಗ ಅವನ ಕೈಯಲ್ಲಿ ತನ್ನದೇ ಬನಿಯನ್ನು. ಒಗೆದೊಗೆದು ಬೆಣ್ಣೆಯಂತಾಗಿದೆ, ಬೆನ್ನಲ್ಲಿ ತೂತು ಬೇರೆ! ಸುವರ್ಣ ನಗು ತಡೆದುಕೊಂಡು, ಮಗಳ ಲಂಗ, ರವಿಕೆ ಬಿಚ್ಚಿ ಅದನ್ನು ತೊಡಿಸಿದಳು. ಅದು ಪಾದದವರೆಗೆ ಬಂತು. ಇಂಚರ ಅದರೊಳಗೆ ಕಾಲು ಮಡಚಿಕೊಂಡು, ಒಂದು ಆಕಳಿಕೆ ತೆಗೆದು, ಮಲಗಿಯೇಬಿಟ್ಟಳು.

ಈಗ ಜರಿ ಅಪ್ಪನ ಬರಿಮೈಗೆ ತಾಕಿತು. ಕಂಬಕ್ಕೆ ಮೈ ಉಜ್ಜುವ ಎಮ್ಮೆಯಂತೆ ಸೀಟಿಗೆ ಬೆನ್ನು ಉಜ್ಜಿದ.

"ಸುವರ್ಣಾ, ಇದು ಬಟ್ಟೆಯಲ್ಲ ಕಣೇ, ಜಾಲಿಮುಳ್ಳು!"

"ರೇಷ್ಮೆ ಜರಿ ಕಣ್ರೀ, ಚುಚ್ಚೋದುಂಟಾ? ಕಣ್ಮುಚ್ಕೊಳ್ಳಿ."

ಬೆಳಗ್ಗೆ ಏನು ಮಾಡಿದರೂ ಇಂಚರ ಆ ಬನಿಯನ್ನು ಬಿಚ್ಚಲಿಲ್ಲ. ಹಾಗೆಯೇ ಜಿರಾಫೆಯ ಮುಂದೆ ನಿಂತು ಕ್ಯಾರೆಟ್ ಚಾಚಿದಳು. ಮೊಳದುದ್ದದ ಕಪ್ಪು ನಾಲಿಗೆ ಸರ್ರನೆ ಇಳಿದು ಬಂತು! ಅವಳು ಕಿರುಚಿದ ಖುಷಿಗೆ ಸುತ್ತಲಿದ್ದವರೆಲ್ಲ ಫೋಟೋ ತೆಗೆಯತೊಡಗಿದರು. ನಿದ್ದೆಗೆಟ್ಟ ಕೆಂಪು ಕಣ್ಣಿನ ಗುರುಬಸಪ್ಪ ಅವರ ನಡುವೆ ನುಗ್ಗಿ ಎದೆಯುಬ್ಬಿಸಿ ಹೇಳಿದ: "ನನ್ನ ಮಗಳು! ಬನಿಯನ್ನೂ ನಂದೇ!"

ನೀತಿ: ರಾತ್ರಿ ಪ್ರಯಾಣದಲ್ಲಿ ಮಕ್ಕಳ ಬಟ್ಟೆ ಅವರ ನಿದ್ದೆಗೆ ಒಪ್ಪಬೇಕು, ನೋಡುವವರ ಕಣ್ಣಿಗಲ್ಲ. ಮಗು ಚುಚ್ಚುತ್ತದೆ ಎಂದರೆ ವಾದ ಮಾಡದೆ ನಂಬಿ.

ನೀತಿಗೆ ನಾನು ಕಾಸು ಕೇಳುವವನಲ್ಲ ಸ್ವಾಮಿ. ಆದರೆ ಈ ಚಹಾದ್ದು ಮಾತ್ರ ನೀವೇ ಕೊಟ್ಟುಬಿಡಿ.