ಕರುವಿನ ಪಾಲಿನ ಗಿಣ್ಣು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಗಲಾಟೆ ಮಾಡಬೇಡಿ. ಈ ಕಥೆ ಹೇಳೋವಾಗೆಲ್ಲ ನನಗೆ ಮೈ ಉರಿಯುತ್ತೆ. ಉರಿದರೂ ಹೇಳ್ತೀನಿ, ನೀವೂ ದಿನಾ ತಟ್ಟೆ ಮುಂದೆ ಕೂರೋರು ತಾನೇ.

ಒಂದು ರಾಜ್ಯದಲ್ಲಿ ಒಬ್ಬ ರಾಜ ಇದ್ದ. ಕೆಟ್ಟವನೇನಲ್ಲ, ಆದರೆ ಯಾವುದನ್ನೂ ವಿಚಾರಿಸೋನಲ್ಲ. ತಟ್ಟೆಗೆ ಬಂದದ್ದನ್ನ ತಿನ್ನೋನು, ಕೈ ತೊಳೆಯೋನು, ಮಲಗೋನು. ಮಧ್ಯಾಹ್ನದ ಊಟಕ್ಕೆ ಮೊದಲು ಅವನಿಗೆ ಹಸಿ ಸೊಪ್ಪಿನ ಕೋಸಂಬರಿ ಬೇಕೇ ಬೇಕು. ಎಳೇ ಮೆಂತ್ಯದ ಸೊಪ್ಪು, ಕೊತ್ತಂಬರಿ, ಎಳೆಸೌತೆಕಾಯಿ. ಜೊತೆಗೆ ಆಯಾ ಕಾಲದ ಹಣ್ಣು. ಮಾವಿನ ಕಾಲಕ್ಕೆ ಮಾವು, ನೇರಳೆ ಕಾಲಕ್ಕೆ ನೇರಳೆ, ಚಳಿ ಬಂದರೆ ಸೀಬೆ. ಮೇಲೆ ನಿಂಬೆರಸ, ಉಪ್ಪು, ಚೂರು ಮೆಣಸಿನ ಪುಡಿ. ಅಲ್ಲೀವರೆಗೆ ಯಾರಿಗೂ ತೊಂದರೆ ಇರಲಿಲ್ಲ.

ಒಂದು ಸಲ ಅರಮನೆಯ ಹಸು ಕರು ಹಾಕಿತು. ಕರು ಕುಡಿದು ಮಿಕ್ಕ ಹಾಲನ್ನ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿ, ತುಂಡು ಮಾಡಿ ಸೊಪ್ಪಿನ ಮೇಲೆ ಹಾಕಿಕೊಟ್ಟರು. ರಾಜ ಬಾಯಿ ಚಪ್ಪರಿಸಿದ. ದಿನಾ ಹೀಗಿದ್ದರೆ ಎಷ್ಟು ಚೆನ್ನ ಅಂದ. ಅಂದವನು ಮರೆತೂಬಿಟ್ಟ. ಪಕ್ಕದಲ್ಲಿ ನಿಂತವನು ಮರೆಯಲಿಲ್ಲ. ಅವನು ಗವಿಯಪ್ಪ, ಅರಮನೆ ಅಡಿಗೆಮನೆಯ ಪಾರುಪತ್ಯಗಾರ. ಅವನ ನಾಲಿಗೆ ಚಪಲ ರಾಜನದಕ್ಕಿಂತ ದೊಡ್ಡದು.

ಗಿಣ್ಣು ಅಂದ್ರೆ ಏನು ಗೊತ್ತಾ ನಿಮಗೆ? ಹಸು ಕರು ಹಾಕಿದ ಮೇಲೆ ಮೊದಲ ಎರಡು ಮೂರು ದಿನ ಬರೋ ದಪ್ಪ ಹಾಲಿದೆಯಲ್ಲ, ಅದರಲ್ಲಿ ಮಾತ್ರ ಗಿಣ್ಣು ಆಗೋದು. ಕರುವಿಗೆ ಅದು ಬರೀ ಹಾಲಲ್ಲ, ಜೀವ. ಅದು ಕುಡಿಯದ ಕರು ಬದುಕೋದು ಕಷ್ಟ. ಕರುವಿನ ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದಕ್ಕೆ ನಾವು ಕೈ ಚಾಚಬೇಕು. ಇದು ಗೊತ್ತಿಲ್ಲದೋನಲ್ಲ ಗವಿಯಪ್ಪ. ಗೊತ್ತಿದ್ದೂ ಮಾಡಿದ, ಅದಕ್ಕೇ ನನಗೆ ಸಿಟ್ಟು.

ಎಲ್ಲಿ ಹಸು ಕರು ಹಾಕಿದರೂ ಮೊದಲ ಹಾಲೆಲ್ಲ ಅರಮನೆಗೆ ಅಂತ ರಾಜನ ಹೆಸರಲ್ಲಿ ಸಾರಿಸಿಬಿಟ್ಟ. ಮೊದಲು ಕುಂಬಾರ ಮಾಸ್ತಯ್ಯನ ಮನೆಗೆ ಆಳುಗಳು ಬಂದರು. ಕೆಚ್ಚಲು ಬರಿದು ಮಾಡಿ ಹೋದರು. ಕರು ಸತ್ತಿತು. ಆಮೇಲೆ ನೇಕಾರರ ಸಿದ್ದಲಿಂಗಿ ಮನೆಗೆ ಬಂದರು. ಕೆಚ್ಚಲು ಬರಿದು ಮಾಡಿ ಹೋದರು. ಕರು ಸತ್ತಿತು. ಸಿದ್ದಲಿಂಗಿ ಹಸು ಬೀದಿ ಬೀದಿ ಕರುವನ್ನ ಹುಡುಕಿಕೊಂಡು ಅಂಬಾ ಅಂತ ತಿರುಗಿತು. ಅರಮನೆಯಲ್ಲಿ ಗವಿಯಪ್ಪ ಅರ್ಧ ಗಿಣ್ಣು ಬಾಗಿಲು ಹಾಕಿಕೊಂಡು ತಾನೇ ತಿಂದ. ಇನ್ನರ್ಧ ಕೋಸಂಬರಿ ಮೇಲೆ ಹಾಕಿ ರಾಜನ ಮುಂದಿಟ್ಟ. ಕರುಗಳು ಕುಡಿದು ಮಿಕ್ಕಿದ್ದು ಮಹಾಸ್ವಾಮಿ, ಜನ ಖುಷಿಯಿಂದ ಕೊಟ್ಟರು ಅಂದ. ಅವನ ಬಾಯಿಗೆ ಮಣ್ಣು ಬೀಳ.

ಮೂರನೇದು ಹೊನ್ನಾಜಮ್ಮನ ಮನೆ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಕೆಂದಿ ಅನ್ನೋ ಒಂದು ಮುದಿ ಹಸು. ಇನ್ನು ಗಬ್ಬ ಆಗಲ್ಲ ಅಂತ ಎಲ್ಲರೂ ಅಂದಮೇಲೆ ಅದು ಹೆಣ್ಣುಕರು ಹಾಕಿತ್ತು. ಆ ಕರು ಉಳಿದರೆ ಹೊನ್ನಾಜಮ್ಮನ ಮುಂದಿನ ಬಾಳು ಉಳೀತು, ಇಲ್ಲದಿದ್ದರೆ ಇಲ್ಲ. ಆಳುಗಳು ಎರಡು ಹೊತ್ತೂ ಬಂದರು, ಕೆಚ್ಚಲು ಬರಿದು ಮಾಡಿದರು. ತೂರಾಡ್ತಾ ಎದ್ದ ಕರು ಹಾಲು ಕರೆದ ಆಳಿನ ಹಿಂದೆ ಹೋಗಿ ಅವನ ಒದ್ದೆ ಬೆರಳು ಚೀಪಿತು. ಅವನು ಒದ್ದ.

ಹೊನ್ನಾಜಮ್ಮ ಅದನ್ನ ನೋಡಿದಳು. ಅಳಲಿಲ್ಲ. ರಾಜನ ಹತ್ತಿರ ದೂರು ಹೇಳೋಣ ಅಂದ್ರೆ ಬಾಗಿಲು ಕಾಯೋರೆಲ್ಲ ಗವಿಯಪ್ಪನ ಕಡೆಯವರು. ಅದಕ್ಕೇ ಅವಳು ಸೀದಾ ಗವಿಯಪ್ಪನ ಹತ್ತಿರವೇ ಹೋದಳು. ಊರಿಂದ ಹೊತ್ತು ತರೋ ಅಷ್ಟರಲ್ಲಿ ಹಾಲು ಕೆಡುತ್ತೆ ಸ್ವಾಮಿ, ನಾಳೆ ಹಸುವನ್ನೇ ಹೊಡ್ಕೊಂಡು ಬರ್ತೀನಿ, ನಿಮ್ಮ ಕಣ್ಣೆದುರೇ ಕರೆದು ಕೊಡ್ತೀನಿ, ಗಿಣ್ಣು ಬೆಣ್ಣೆ ಹಾಗಾಗುತ್ತೆ ಅಂದಳು. ಗವಿಯಪ್ಪನ ಬಾಯಲ್ಲಿ ನೀರೂರಿತು. ಆದರೆ ಕರು ಕಣ್ಣಿಗೆ ಕಾಣದಿದ್ದರೆ ಕೆಂದಿ ಹಾಲು ಇಳಿಸಲ್ಲ, ಅದೂ ಜೊತೇಲಿ ಬರಬೇಕು ಅಂದಳು. ಅದಕ್ಕೇನಂತೆ, ಕರ್ಕೊಂಡು ಬಾ ಅಂದ. ತಾನೇ ಬಾಗಿಲು ತೆಗೆಸಿದ ದಡ್ಡ.

ಮಾರನೇ ದಿನ ಮಧ್ಯಾಹ್ನ ರಾಜ ಅಂಗಳದ ಜಗಲಿ ಮೇಲೆ ಊಟಕ್ಕೆ ಕೂತಿದ್ದ. ಗವಿಯಪ್ಪ ಸೊಪ್ಪು, ಸೀಬೆ, ಹಿಂದಿನ ದಿನ ತಂದ ಕೆಂದಿ ಹಾಲಿನ ಗಿಣ್ಣು ಎಲ್ಲ ಕೈಯಲ್ಲೇ ಕಲೆಸಿ ತಟ್ಟೆ ಇಟ್ಟ. ಹೊನ್ನಾಜಮ್ಮ ಹಸು ಹೊಡ್ಕೊಂಡು ಬಂದು ಬಾಗಿಲ ಹೊರಗೆ ಕಟ್ಟಿ, ಅಡಿಗೆಮನೆಗೆ ಹೋಗದೆ ಸೀದಾ ಅಂಗಳಕ್ಕೆ ಬಂದಳು. ಕರುವನ್ನ ಕಂಕುಳಲ್ಲಿ ಎತ್ತಿಕೊಂಡಿದ್ದಳು, ಊರಿಂದ ಅಷ್ಟು ದೂರ ನಡೆಯೋ ತ್ರಾಣ ಅದಕ್ಕಿರಲಿಲ್ಲ. ಎಣಿಸೋ ಹಾಗೆ ಕಾಣ್ತಿದ್ದ ಅದರ ಪಕ್ಕೆಲುಬು ನೋಡಿ ರಾಜ ಎತ್ತಿದ ತುತ್ತನ್ನ ತಟ್ಟೆಗೇ ಹಾಕಿದ. ಹೀಗ್ಯಾಕಾಗಿದೆ ಇದು ಅಂತ ಕೇಳಿದ. ಜನ್ಮದಲ್ಲಿ ಮೊದಲ ಸಲ ಒಂದು ವಿಷಯ ವಿಚಾರಿಸಿದ್ದ.

ಗವಿಯಪ್ಪ ಮುಂದೆ ಬಿದ್ದ. ಈ ಮುದುಕಿ ಜಿಪುಣಿ ಮಹಾಸ್ವಾಮಿ, ಕರುವಿಗೆ ಹಾಲು ಬಿಡದೆ ತಾನೇ ಮಾರ್ಕೊಂಡು ತಿಂತಾಳೆ ಅಂದುಬಿಟ್ಟ. ಥೂ, ಹಾಗೆ ಹೇಳೋಕೆ ಅವನಿಗೆ ನಾಲಿಗೆ ಹೇಗೆ ಬಂತೋ.

ಹೊನ್ನಾಜಮ್ಮ ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. "ಕರುವನ್ನ ಕೆಳಗಿಳಿಸ್ತೀನಿ ಮಹಾಸ್ವಾಮಿ," ಅಂದಳು. "ತನ್ನ ಹಾಲು ಯಾರ ಹತ್ತಿರ ಇದೆ ಅಂತ ಅದೇ ಹೇಳಲಿ."

ಇಳಿಸಿದಳು. ಕರು ನಾಲ್ಕೂ ಕಾಲು ನಡುಗಿಸ್ತಾ ನಿಂತಿತು, ಮೂಸಿತು. ಹೊನ್ನಾಜಮ್ಮನ ಕೈ ಮೂಸಿತು, ಬಿಟ್ಟಿತು. ಬಾಗಿಲ ಕಾವಲಿನವನ ಕೈ ಮೂಸಿತು, ಬಿಟ್ಟಿತು. ಗವಿಯಪ್ಪನ ಹತ್ತಿರ ಹೋಗಿ ಅವನ ಬೆರಳನ್ನ ಬಾಯಿಗೆ ಹಾಕ್ಕೊಂಡು ಚೀಪಿತು. ಅವನು ಕೈ ಕಿತ್ತುಕೊಳ್ಳೋಕೆ ಹೋಗಿ ಮುಗ್ಗರಿಸಿ ಕೂತ. ಕರು ಬಿಡಲಿಲ್ಲ, ಅವನ ಮೀಸೆ ನೆಕ್ಕಿತು. ಮೀಸೆಯಲ್ಲಿ ಗಿಣ್ಣಿನ ಪುಡಿ ಇನ್ನೂ ಅಂಟಿಕೊಂಡಿತ್ತು. ಅಂಗಳದ ತುಂಬ ಜನ ನಕ್ಕರು. ರಾಜನೂ ನಕ್ಕ.

ಆಮೇಲೆ ಕರು ಜಗಲಿ ಹತ್ತಿರ ಬಂತು. ರಾಜನ ಕೈ ಮೂಸಿತು. ಅವನ ಬೆರಳನ್ನೂ ಬಾಯಿಗೆ ಹಾಕ್ಕೊಂಡು ಚೀಪೋಕೆ ಶುರು ಮಾಡಿತು.

ನಗು ನಿಂತುಹೋಯಿತು.

"ಅದಕ್ಕೆ ರಾಜ ಯಾರು, ಆಳು ಯಾರು ಗೊತ್ತಾಗಲ್ಲ ಮಹಾಸ್ವಾಮಿ," ಅಂದಳು ಹೊನ್ನಾಜಮ್ಮ. "ಹಾಲು ಯಾರು ತಿಂದರು ಅನ್ನೋದಷ್ಟೇ ಗೊತ್ತು." ಮಾಸ್ತಯ್ಯನ ಕರುವಿನ ವಿಷಯ ಹೇಳಿದಳು. ಸಿದ್ದಲಿಂಗಿಯ ಕರುವಿನ ವಿಷಯ ಹೇಳಿದಳು. ರಾಜ ತಲೆ ಎತ್ತಲಿಲ್ಲ. ಬೆರಳನ್ನೂ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ತಾನೇ ಕರುವನ್ನ ಎತ್ತಿಕೊಂಡು ಹೊರಗೆ ಹೋಗಿ ಕೆಂದಿ ಕೆಚ್ಚಲಿಗೆ ಬಿಟ್ಟ. ಅದು ಕುಡಿದು ಮುಗಿಸೋವರೆಗೂ ಹಸಿದ ಹೊಟ್ಟೆಯಲ್ಲಿ ನಿಂತಿದ್ದ. ಕರು ಸತ್ತ ಎರಡು ಮನೆಗೂ ಅರಮನೆ ಕೊಟ್ಟಿಗೆಯಿಂದ ಕರು ಸಮೇತ ಹಸು ಕಳಿಸಿದ. ಗವಿಯಪ್ಪನ ಪಾರುಪತ್ಯ ಕಿತ್ತು, ಆ ಎರಡು ಮನೆಯ ಕೊಟ್ಟಿಗೆ ಬಾಚೋ ಕೆಲಸಕ್ಕೆ ಹಚ್ಚಿದ. ಹೊನ್ನಾಜಮ್ಮನನ್ನ ಕೂತು ಉಣ್ಣು ತಾಯಿ ಅಂತ ಕರೆದ. ಅವಳು ತಟ್ಟೆಯಲ್ಲಿದ್ದ ಗಿಣ್ಣು ನೋಡಿ, ಒಲ್ಲೆ ಅಂದಳು. ಕರು ಎತ್ತಿಕೊಂಡು, ಕೆಂದಿಯನ್ನ ಹೊಡ್ಕೊಂಡು ಹೊರಟುಹೋದಳು.

ಕೇಳಿಸಿತಾ ಮಕ್ಕಳೇ? ಸೊಪ್ಪು ತಿನ್ನಿ, ಹಣ್ಣು ತಿನ್ನಿ, ಮಿಕ್ಕ ಹಾಲಿನ ಗಿಣ್ಣೂ ತಿನ್ನಿ, ಬೇಡ ಅನ್ನೋರು ಯಾರು? ಆದರೆ ಯಾರ ಬಾಯಿಂದ ಬಂತು ಅಂತ ಕೇಳಿ ತಿನ್ನಿ. ಕಿತ್ತು ತಂದವನದು ಎಷ್ಟು ತಪ್ಪೋ, ಕೇಳದೆ ತಿಂದವನದೂ ಅಷ್ಟೇ ತಪ್ಪು.