ಬಿದ್ದಿರಬೇಕಾದ ಸೇತುವೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಒಂದು ಗಂಭೀರ ಘಟನೆ ಸಂಭವಿಸಿತು. ಸಹಿ ಹಾಕಲೆಂದು ತೆರೆದ ಪೆನ್ನಿಗೆ ಪ್ರೊಫೆಸರ್ ಜಲಜಾಕ್ಷಿಯವರು, ಸಹಿ ಹಾಕದೆಯೇ, ಮತ್ತೆ ಮುಚ್ಚಳ ಹಾಕಿದರು. ಪ್ರಾಣಹಾನಿಯಾದ ವರದಿಯಿಲ್ಲ. ಗಾಯಗೊಂಡವನು ಒಬ್ಬನೇ.

ಅವನ ಹೆಸರು ತಿಪ್ಪೇಸ್ವಾಮಿ. ಎಂ.ಟೆಕ್ ಎರಡನೇ ವರ್ಷ. ಅವನ ಪ್ರಾಜೆಕ್ಟಿಗೆ ಜಲಜಾಕ್ಷಿ ಮೇಡಂ ಗೈಡು. ಗೈಡಿನ ಸಹಿ ಇರುವ ವರದಿ ಶನಿವಾರದೊಳಗೆ ಆಫೀಸು ಸೇರಬೇಕು. ಸೇರದಿದ್ದರೆ ಆರು ತಿಂಗಳು ಹೋಯಿತು.

ವರದಿ ಊರಾಚೆಯ ಹೊಳೆಗೆ ಕಟ್ಟಿದ ಹಳೆಯ ಕಲ್ಲಿನ ಕಮಾನು ಸೇತುವೆಯ ಬಗ್ಗೆ. ನೂರ ನಲವತ್ತು ಪುಟ, ಕಂಪ್ಯೂಟರ್ ಬರೆದುಕೊಟ್ಟ ಎಂಬತ್ತೆರಡು ಬಣ್ಣದ ಚಿತ್ರ. ಕೆಂಪು ಇದ್ದಲ್ಲಿ ಅಪಾಯ ಎಂದರ್ಥ. ಎಂಬತ್ತೆರಡೂ ಕೆಂಪಾಗಿದ್ದವು.

"ಕೊನೇ ಪುಟ ಓದು," ಎಂದರು ಮೇಡಂ.

ತಿಪ್ಪೇಸ್ವಾಮಿ ಓದಿದ. "ಈ ಸೇತುವೆಯು ತನ್ನ ಸ್ವಂತ ಭಾರವನ್ನೂ ತಾಳಲಾರದು."

"ಅಂದರೆ?"

"ಬೀಳುತ್ತೆ ಮೇಡಂ."

"ಯಾವಾಗ?"

"ಲೆಕ್ಕದ ಪ್ರಕಾರ... ಕಟ್ಟಿದ ದಿನವೇ."

"ಕಟ್ಟಿ ಎಷ್ಟು ವರ್ಷ ಆಯ್ತು?"

"ನೂರ ಹದಿನೆಂಟು."

"ನೀನು ಹಾಸ್ಟೆಲಿಂದ ಕಾಲೇಜಿಗೆ ಯಾವ ದಾರೀಲಿ ಬರ್ತೀಯ?"

"ಅದೇ ಸೇತುವೆ ಮೇಲೆ ಮೇಡಂ."

ಮೇಡಂ ನಗಲಿಲ್ಲ. ಅವರು ನಕ್ಕಿದ್ದನ್ನು ಕಂಡವರು ವಿಭಾಗದಲ್ಲಿ ಇಬ್ಬರೇ. ಇಬ್ಬರೂ ಈಗ ನಿವೃತ್ತರು.

"ಸಾಫ್ಟ್‌ವೇರ್ ತಪ್ಪಲ್ಲ ಮೇಡಂ. ಮೂರು ಸಲ ಓಡಿಸಿದೀನಿ."

"ತಪ್ಪು ಅಂತ ಯಾರು ಹೇಳಿದರು? ನೀನು ಕೇಳಿದ್ದಕ್ಕೆ ಅದು ಉತ್ತರ ಕೊಟ್ಟಿದೆ. ಸೇತುವೆಯನ್ನ ಏನಾದರೂ ಕೇಳಿದ್ದೀಯಾ?"

ಅವರು ಬೀರುವಿನಿಂದ ಒಂದು ಡಯಲ್ ಗೇಜ್ ತೆಗೆದು ಮೇಜಿನ ಮೇಲಿಟ್ಟರು. ಗೋಡೆ ಗಡಿಯಾರದ ಮರಿಯಂಥ ಉಪಕರಣ, ಒಂದೇ ಮುಳ್ಳು. ಮುಟ್ಟಿಸಿದ ವಸ್ತು ಮಿಲಿಮೀಟರಿನ ನೂರನೇ ಒಂದು ಭಾಗ ಸರಿದರೂ ಮುಳ್ಳು ಒಂದು ಮನೆ ಸರಿಯುತ್ತದೆ.

"ನಾಳೆ ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ ಇದನ್ನ ಕಮಾನಿನ ನೆತ್ತಿಗೆ ಕೆಳಗಿಂದ ಮುಟ್ಟಿಸಿ ಕೂತುಕೋ. ಹತ್ತು ನಿಮಿಷಕ್ಕೊಮ್ಮೆ ಬರಿ."

"ಲಾರಿ ಬಂದಾಗ ಮಾತ್ರ ಬರೆದರೆ ಸಾಲದಾ ಮೇಡಂ?"

"ಊಟಕ್ಕೂ ಏಳಬೇಡ."

"ಕಬ್ಬಿಣದ ಸ್ಟ್ಯಾಂಡ್ ತಗೊಂಡು ಹೋಗ್ಲಾ?"

"ಬೇಡ. ಬಿಸಿಲಿಗೆ ಅದೂ ಬೆಳೆಯುತ್ತೆ. ಸರ್ವೆ ಮರದ ಕಂಬ ನಿಲ್ಲಿಸು."

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ತಿಪ್ಪೇಸ್ವಾಮಿ ಕಮಾನಿನ ಕೆಳಗಿದ್ದ. ಬೇಸಿಗೆಯ ಹೊಳೆ ಒಂದು ಬದಿಗೆ ಸರಿದುಕೊಂಡು ಹರಿಯುತ್ತಿತ್ತು. ಬಂಡೆಯ ಮೇಲೆ ಕಂಬ ನಿಲ್ಲಿಸಿ, ಗೇಜು ಮುಟ್ಟಿಸಿ, ನೋಟ್‌ಬುಕ್ ತೆರೆದು ಕೂತ.

ಎಮ್ಮೆ ಮೈತೊಳೆಯಲು ಬಂದ ಓಬಜ್ಜ ಸ್ವಲ್ಪ ಹೊತ್ತು ನೋಡಿದ.

"ಏನ್ ಸಾಮಿ, ಸೇತ್ವೆಗೆ ಜ್ವರ ನೋಡ್ತಿದೀರಾ?"

"ಇದು ಬೀಳಬೇಕಿತ್ತು ಅಜ್ಜ. ಯಾಕೆ ಬಿದ್ದಿಲ್ಲ ಅಂತ ನೋಡ್ತಿದೀನಿ."

ಓಬಜ್ಜ ಸೇತುವೆಯನ್ನು ನೋಡಿದ. ಇವನನ್ನು ನೋಡಿದ.

"ಎಷ್ಟ್ ಓದಿದೀರಾ?"

"ಎಂ.ಟೆಕ್."

"ಅದ್ಕೇ," ಎಂದು ಓಬಜ್ಜ ಎಮ್ಮೆಯ ಬೆನ್ನಿಗೆ ನೀರೆರಚಿದ.

ಏಳೂವರೆಗೆ ಮೆಕ್ಕೆಜೋಳ ತುಂಬಿದ ಲಾರಿ ಬಂತು. ಕಮಾನು ಗುಂಯ್ ಎಂದಿತು. ತಿಪ್ಪೇಸ್ವಾಮಿಯ ತಲೆ ಮೇಲೆ ಮಣ್ಣುದುರಿತು. ಮುಳ್ಳು ಮೂರು ಮನೆ ಕೆಳಗೆ ಹೋಗಿ, ಮೊದಲಿದ್ದಲ್ಲಿಗೇ ಬಂದು ನಿಂತಿತು. ಇಪ್ಪತ್ತು ಟನ್ನಿಗೆ ಮೂರೇ ಮನೆ. ಅವನಿಗೆ ತುಸು ಅವಮಾನವಾಯಿತು.

ಒಂಬತ್ತಕ್ಕೆ ರಸ್ತೆ ಖಾಲಿಯಿತ್ತು. ಆದರೂ ಮುಳ್ಳು ಸರಿದಿತ್ತು.

ಅವನು ಮೊದಲು ಗೇಜನ್ನು ಸಂಶಯಿಸಿದ. ಆಮೇಲೆ ಕಂಬವನ್ನು, ಕೊನೆಗೆ ಎಮ್ಮೆಯನ್ನು. ಯಾರ ತಪ್ಪೂ ಕಾಣಲಿಲ್ಲ. ಮುಳ್ಳು ಮೇಲಕ್ಕೆ ಹೋಗುತ್ತಿತ್ತು. ಅಂದರೆ ಸೇತುವೆ ಏಳುತ್ತಿತ್ತು.

ಮಧ್ಯಾಹ್ನಕ್ಕೆ ಇಪ್ಪತ್ತೆಂಟು ಮನೆ. ಎರಡಕ್ಕೆ ನಲವತ್ತೈದು. ಯಾರೂ ತಳ್ಳದೆ, ಯಾರೂ ಎತ್ತದೆ, ನೂರಾರು ಟನ್ ಕಲ್ಲು ಬಿಸಿಲಿಗೆ ಮೇಲೇಳುತ್ತಿತ್ತು. ನಡುವೆ ಇನ್ನೊಂದು ಲಾರಿ ಹೋಯಿತು. ಮುಳ್ಳು ಮೂರು ಮನೆ ಇಳಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಏರತೊಡಗಿತು. ದೀರ್ಘವಾಗಿ ಉಸಿರೆಳೆದುಕೊಳ್ಳುವವನ ಎದೆಯ ಮೇಲೆ ನೊಣ ಕೂತು ಹಾರಿದ ಹಾಗೆ.

ಬಿಸಿಲು ಬಾಡಿದ ಮೇಲೂ ಅದು ಏರಿತು. ಐದು ಗಂಟೆಗೆ, ಅರವತ್ತೊಂದರಲ್ಲಿ, ನಿಂತಿತು. ಆಮೇಲೆ ನಿಧಾನಕ್ಕೆ ಇಳಿಯತೊಡಗಿತು.

ನೂರ ಹದಿನೆಂಟು ವರ್ಷ, ದಿನಕ್ಕೊಂದು ಸಲ. ತಿಪ್ಪೇಸ್ವಾಮಿ ಗುಣಿಸಿದ. ನಲವತ್ತಮೂರು ಸಾವಿರ ಸಲ ಎದ್ದು ಇಳಿದಿದೆ. ಅದರ ಬೆನ್ನ ಮೇಲೆ ನಡೆದು ಹೋದ ಊರಿಗೆ ಒಮ್ಮೆಯೂ ತಿಳಿದಿಲ್ಲ.

ಐದೂ ಹತ್ತರ ಅಂಕಿ ಬರೆಯುವುದು ಅವನಿಗೆ ಮರೆತುಹೋಯಿತು. ಕೈಗಳು ತಾವಾಗಿಯೇ ಮುಗಿದಿದ್ದವು. ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಬುಧವಾರ ಅವನು ಮೇಡಂ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದ.

"ಏಳುತ್ತೆ ಮೇಡಂ! ದಿನಾ ಏಳುತ್ತೆ, ದಿನಾ ಇಳಿಯುತ್ತೆ."

"ನಿನ್ನ ಕಂಪ್ಯೂಟರಿನ ಸೇತುವೆ?"

"ಅದಕ್ಕೆ ಮಿಸುಕಾಡೋಕೆ ಜಾಗವೇ ಕೊಟ್ಟಿರಲಿಲ್ಲ. ಕಲ್ಲನ್ನೆಲ್ಲ ಅಂಟಿಸಿ ಒಂದೇ ತುಂಡು ಮಾಡಿಬಿಟ್ಟಿದ್ದೆ. ನಿಜವಾದ್ದರಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇದೆ. ಅದು ಕೂದಲೆಳೆಯಷ್ಟು ಬಿಟ್ಟುಕೊಡುತ್ತೆ."

"ನೀನೂ ಬಿಟ್ಟುಕೊಡು."

ಎರಡು ದಿನ ಅವನು ಕಂಪ್ಯೂಟರಿನಲ್ಲಿ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿದ. ಶುಕ್ರವಾರ ಸಂಜೆ ಬಂದು ನಿಂತ.

"ಈಗ ಖಾಲಿ ಸೇತುವೆ ನಿಲ್ಲುತ್ತೆ ಮೇಡಂ. ಲಾರಿ ಬಂದರೆ ಬೀಳುತ್ತೆ."

"ಲಾರಿ ದಿನಾ ಬರ್ತಾ ಇದೆಯಲ್ಲ."

"ಅದು ಹೇಗೆ ಅಂತ ಗೊತ್ತಾಗ್ತಿಲ್ಲ."

"ಅದನ್ನೇ ಬರಿ."

"ಗೊತ್ತಿಲ್ಲ ಅಂತ ಬರೆದರೆ ಪಾಸ್ ಮಾಡ್ತಾರಾ ಮೇಡಂ?"

"ಗೊತ್ತಿಲ್ಲ."

ಅವನು ಬರೆದ. ನೂರ ನಲವತ್ತು ಪುಟ ಐವತ್ತೆಂಟಾಯಿತು. ಶನಿವಾರ ಮೇಡಂ ಸಹಿ ಹಾಕಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಕೊನೆಯ ಪುಟ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಏನ್ ಮೇಡಂ ಇದು? ಗೊತ್ತಿಲ್ಲ ಅಂತ ಬರೆದವನಿಗೆ ಪದವಿ ಕೊಡೋದಾ?"

"ತನಗೆ ಗೊತ್ತಿಲ್ಲದ್ದನ್ನ ಮಿಲಿಮೀಟರಿನ ನೂರನೇ ಭಾಗದವರೆಗೆ ಅಳೆದಿದಾನೆ ಸರ್," ಎಂದರು ಮೇಡಂ.

ಪರೀಕ್ಷಕರು ಕಾಫಿ ತರಿಸಿಕೊಂಡರು. ತಿಪ್ಪೇಸ್ವಾಮಿಯನ್ನು ಹೊರಗೆ ಕಳಿಸಿದರು. ಮುಕ್ಕಾಲು ಗಂಟೆಯ ನಂತರ ಮೇಡಂ ಒಬ್ಬರೇ ಹೊರಗೆ ಬಂದರು.

ಫಲಿತಾಂಶ ಕೇಳಬೇಕೆಂದು ನಿಂತಿದ್ದವನ ಬಾಯಿಂದ ಬೇರೆಯೇ ಪ್ರಶ್ನೆ ಬಂತು.

"ಮೇಡಂ, ನಿಮಗಾದರೂ ಗೊತ್ತಿರಬೇಕು. ಅದು ಹೇಗೆ ನಿಂತಿದೆ?"

"ಮೂವತ್ತೆರಡು ವರ್ಷದ ಹಿಂದೆ ನನ್ನ ಎಂ.ಟೆಕ್ ಪ್ರಾಜೆಕ್ಟೂ ಅದೇ ಸೇತುವೆ," ಎಂದರು ಮೇಡಂ. "ಹತ್ತು ವರ್ಷದಲ್ಲಿ ಬೀಳುತ್ತೆ ಅಂತ ಬರೆದೆ, ಚಿನ್ನದ ಪದಕ ಕೊಟ್ಟರು. ನಿನಗೆ ಬಿ ಗ್ರೇಡ್ ಬಂದಿದೆ."